ಏಳನೆಯ ಸೊನ್ನೆ

ಕೂತುಕೋ ಮಗಳೆ, ಆ ಯಂತ್ರ ಮೇಜಿನ ಮೇಲಿಡು.
ತಂಡಕ್ಕೆ ಎಪ್ಪತ್ತೈದು ತುಂಬಿತೆಂದು
ನೆನಪು ಹೆಕ್ಕಲು ಬಂದಿದ್ದೀಯ. ಹೆಕ್ಕು.
ಹೆಸರು ನಸಾರಿಯೊ ಕೋಬೊಸ್.
ಪ್ವೆರ್ತೊ ಸಲೋಬ್ರೆಯ ಮೈದಾನದ ಗೋಡೆಯೊಳಗೆ ನಿಂತು
ಇಪ್ಪತ್ತಾರು ವರ್ಷ
ತಗಡಿನ ಅಂಕಿ ತೂಗುಹಾಕಿದೆ.

ಒಳಗೆ ಕತ್ತಲು, ಚೇಳು, ಕಾದ ಬಣ್ಣದ ವಾಸನೆ.
ಇನ್ನೂ ಅಂಕಿ ಬೀಳದ ಚೌಕ ಇರುತ್ತದಲ್ಲ,
ಅದೇ ನನ್ನ ಕಿಟಕಿ.
ಒಂದು ಇನಿಂಗ್ಸ್ ಮುಗಿದರೆ ಒಂದು ಕಿಟಕಿ ಮುಚ್ಚಬೇಕು,
ಪಕ್ಕದ್ದಕ್ಕೆ ಸರಿಯಬೇಕು.
ಎಡದಿಂದ ಬಲಕ್ಕೆ ಸರಿಯುತ್ತಲೇ ಮುದುಕನಾದೆ.

ಮಂಜು ಕವಿದ ಆ ಶನಿವಾರ ಬರೆದುಕೋ.
ಸಮುದ್ರವೇ ಎದ್ದು ಬಂದು ಮೈದಾನದಲ್ಲಿ ಕೂತಿತ್ತು.
ಚೆಂಡು ಮೇಲೆ ಹೋದದ್ದು ಹೋಯಿತು, ಬರಲೇ ಇಲ್ಲ.
ಮೂವರು ಕೈಗವಸು ಚಾಚಿಕೊಂಡು
ಬಿಡಿಗಾಸು ಬೇಡುವವರ ಹಾಗೆ ನಿಂತೇ ಇದ್ದರು.

ಅಲಬಾಮಾದ ಎಡಗೈ ಪಿಚರ್ ಲೂಥರ್ ಪೆಟಿವೇ,
ಅಲ್ಲಿ ಅವನ ಬಣ್ಣಕ್ಕೆ ಗೇಟು ತೆರೆಯುತ್ತಿರಲಿಲ್ಲ,
ಇಲ್ಲಿ ಹತ್ತೊಂಬತ್ತು ಇನಿಂಗ್ಸ್ ಒಬ್ಬನೇ ಎಸೆದ.
ನನ್ನ ಹತ್ತಿರ ಸೊನ್ನೆ ಮುಗಿದವು.
ಹಲಗೆಯೂ ಮುಗಿದು
ಗೋಡೆಗೆ ಸುಣ್ಣದಲ್ಲಿ ಸುತ್ತುತ್ತ ಹೋದೆ.

ಗೊತ್ತು, ನೀನು ಬಂದದ್ದು ಐವತ್ತೆರಡಕ್ಕೆ.
ಎಲ್ಲರೂ ಅದಕ್ಕೇ ಬರುವುದು.
ಯಂತ್ರ ಆರಿಸು.
ಆರಿತೆ?

ಕೊನೆಯ ಇನಿಂಗ್ಸ್. ಇಬ್ಬರು ಔಟು. ಒಂದು ರನ್ನು ಹಿಂದೆ.
ಒಂದನೆಯ ಬೇಸಿನಲ್ಲಿ ಒಬ್ಬ ಮಣ್ಣು ಕೆರೆಯುತ್ತಿದ್ದ.
ದಾಂಡು ಹಿಡಿದವನು ದೊಮಿತಿಲೊ ಅರ್ಸೆ.
ಗ್ಯಾಲರಿ ತುಂಬ ಉಪ್ಪಿನಾಗರದ ಕೂಲಿಗಳು,
ಎರಡು ತಿಂಗಳಿಂದ ಬಾಗಿಲು ಮುಚ್ಚಿದ ಆಗರದವರು,
ಬಿರಿದ ಕಾಲಿಗೆ ಚಿಂದಿ ಸುತ್ತಿ ನನ್ನಪ್ಪನೂ.

ಹೊಡೆದ.
ಒಂಬತ್ತನೆಯ ಕಿಟಕಿಯಲ್ಲಿ ನಾನಿದ್ದೆ,
ಚೆಂಡು ಸಾಸಿವೆಯಾಗಿ, ನಿಂಬೆಯಾಗಿ
ನನ್ನ ಕಡೆಗೇ ಬೆಳೆಯುತ್ತ ಬಂತು.
ತಲೆ ತಗ್ಗಿಸಿದೆ.
ಧಣ್!
ಏಳನೆಯ ಸೊನ್ನೆ ಒಳಕ್ಕೆ ಉಬ್ಬಿತು
ಹಲ್ಲುನೋವಿನ ಕೆನ್ನೆಯ ಹಾಗೆ.

ಹಲಗೆಯ ಮೇಲೊಂದು ಹಳದಿ ಗೆರೆ ಇತ್ತು.
ಗೆರೆಯ ಮೇಲೆ ಬಡಿದರೆ ಹೋಮ್ ರನ್, ಗೆದ್ದೆವು.
ಕೆಳಗಾದರೆ ಆಟ ಇನ್ನೂ ಬಾಕಿ:
ಅವನು ಎರಡನೆಯ ಬೇಸಿನಲ್ಲಿ,
ಮುಂದಿನವನು ಮೂರರಲ್ಲಿ,
ಆಮೇಲೆ ದೇವರ ಚಿತ್ತ.
ಸೊನ್ನೆ ಗೆರೆಗಿಂತ ಗೇಣು ಕೆಳಗೆ.

ಇಡೀ ಊರು ಬಾಯಿ ಮುಚ್ಚಿತು.
ಅಂಪೈರು ನಡೆದು ಬರುತ್ತಿದ್ದ, ದಪ್ಪ ಮನುಷ್ಯ,
ಬೆವರೊರೆಸಿಕೊಳ್ಳುತ್ತ, ಅಷ್ಟು ದೂರದಿಂದ.
ಅವನು ತಲುಪುವಷ್ಟರಲ್ಲಿ
ಆ ಸೊನ್ನೆ ಇಳಿಸಿ ಇನ್ನೊಂದು ಸೊನ್ನೆ ಏರಿಸಿದ್ದೆ.
ಸೊನ್ನೆಯ ಜಾಗಕ್ಕೆ ಸೊನ್ನೆ.
ಲೆಕ್ಕದಲ್ಲೇನೂ ತಪ್ಪಿಲ್ಲ ನೋಡು.

ಎಲ್ಲಿ ಬಡಿಯಿತು? ಕಿಟಕಿಗೆ ಮುಖವಿಟ್ಟು ಕೇಳಿದ.
ನಾನು ಮಾತಾಡಲಿಲ್ಲ.
ಬೆರಳು ಮೇಲಕ್ಕೆ ಮಾಡಿದೆ,
ಆಕಾಶವನ್ನೂ ತೋರಿಸಿರಬಹುದು.

ಮುಂದಿನದು ನಿಮ್ಮ ಕಚೇರಿಯ ಗೋಡೆಯ ಮೇಲಿದೆ.
ದೊಮಿತಿಲೊ ಓಡಿ ಬರುವ ಆ ಫೋಟೋ, ತಲೆ ತಗ್ಗಿಸಿಕೊಂಡು.
ಪತ್ರಿಕೆಯವರು ವಿನಯ ಎಂದು ಬರೆದರು.
ಬಿಟ್ಟ ಮನೆಗೇ ಮರಳುವ ಆಟ ಇದು;
ಅವನು ತನ್ನ ಮನೆ ತುಳಿದದ್ದು ಕಳ್ಳನ ಹಾಗೆ.
ಅವನಿಗೆ ಗೊತ್ತಿತ್ತು, ಕಣ್ಣು ಚುರುಕು.
ಸಾಯುವ ತನಕ ಎದುರಾದಾಗಲೆಲ್ಲ
ನನಗೆ ಬಿಯರು ಕೊಡಿಸಿದ,
ಒಂದು ದಿನವೂ ಜೊತೆಗೆ ಕೂತು ಕುಡಿಯಲಿಲ್ಲ.

ಉಪ್ಪಿನ ಋಣ, ಅಂದುಕೊಂಡೆ ಆಗ.
ಆ ರಾತ್ರಿ ಅಪ್ಪ ಚಿಂದಿ ಬಿಚ್ಚಿ ಬರಿಗಾಲಲ್ಲಿ ಕುಣಿದ,
ನೆಲದ ಮೇಲೆ ರಕ್ತದ ಹೆಜ್ಜೆ.
ಸೋತವರ ಊರಿನಲ್ಲೂ ಯಾರದೋ ಅಪ್ಪ ಇದ್ದ,
ಅದು ಹೊಳೆದದ್ದು ತೀರ ಈಚೆಗೆ.

ಒಲೆಯ ಮೇಲೆ ಅವರೆ ಬೇಯುತ್ತಿದೆಯಲ್ಲ,
ಆ ಮುಚ್ಚಳ ನೋಡಿದೆಯ?
ಬಣ್ಣವೆಲ್ಲ ಹೋಗಿದೆ. ಉಬ್ಬು ಹಾಗೇ ಇದೆ.
ಕುದಿ ಬಂದಾಗ ಒಂದೇ ಸಮ ತಾಳ ಹಾಕುತ್ತದೆ,
ಹೆಂಡತಿ ಇದ್ದಾಗ ಬೈಯುತ್ತಿದ್ದಳು,
ಬೇರೆ ಮುಚ್ಚಳ ತರಬಾರದೆ ಎಂದು.

ಒಂದು ಬಟ್ಟಲು ಕೊಡುತ್ತೇನೆ, ತಾಳು.
ಈಗ ಯಂತ್ರ ಹಚ್ಚು.
ಎಲ್ಲಿದ್ದೆವು? ಹಾಂ,
ಆ ಶನಿವಾರ. ಮಂಜು. ಚೆಂಡು ಮೇಲೆ ಹೋಯಿತು.