ಸೀನರಿ ಅಂಗಡಿಯಲ್ಲಿ

ಪರೀಕ್ಷೆಗೆ ಬರುತ್ತದೆ ಅಂತ
ಪದಗಳ ಪಟ್ಟಿ ಹಿಡಿದು ಹೋದೆ ಚೌಕಿಪೇಟೆಗೆ.
ನಿಜಗುಣಪ್ಪ ಅರಮನೆಯನ್ನು ನೆಲಕ್ಕೆ ಹಾಸಿಕೊಂಡು
ಇಲಿ ತಿಂದ ಬಾಗಿಲಿಗೆ ತೇಪೆ ಹಾಕುತ್ತಿದ್ದ.
‘ಚಪ್ಪಲಿ ಬಿಡವ್ವ, ದರ್ಬಾರಿನ ಮೇಲೆ ನಿಂತೀಯ.’

ನೇಪಥ್ಯ, ಅಂದೆ.
ಹಲ್ಲಲ್ಲಿ ದಾರ ಕಡಿದು ನಕ್ಕ.
‘ಪುಸ್ತಕದಾಗೆ ಹಂಗಿರ್ತದೆ. ನಾವು “ಒಳಗೆ” ಅಂತೀವಿ.
ರಾಜ ಬೀಡಿ ಸೇದೋ ಜಾಗ.’

ಸ್ವಗತ?
‘ಮಾಯಕೊಂಡದ ಕಡೇ ಸಾಲಿನೋನಿಗೂ ಕೇಳಬೇಕು,
ಮಗ್ಗುಲಾಗೆ ನಿಂತೋನಿಗೆ ಕೇಳಬಾರದು.
ಮನೆಯಾಗೆ ನಮ್ಮವ್ವ ದಿನಾ ಆಡ್ತಿದ್ಲು.’

ತಾಲೀಮು, ನಾಂದಿ, ಝಾಲರು, ಒನ್ಸ್‌ಮೋರು—
ಕೆಲವಕ್ಕೆ ಕೈ ತೋರಿಸಿದ, ಕೆಲವಕ್ಕೆ ಬರೀ ಕೆಮ್ಮಿದ.
ಪಾತ್ರ ಅಂದಾಗ ಮಾತ್ರ
‘ಅದೂ ಪಾತ್ರೆಯಂಗೇ. ಹುಯ್ದಿದ್ದು ತುಂಬ್ಕೊಳ್ತದೆ,
ಬೆಳಗ್ಗೆ ತಿಕ್ಕಿಡಬೇಕು.
ಹದಡಿಯ ಒಬ್ಬ ರಾಜಪಾರ್ಟು ತಿಕ್ಕಲೇ ಇಲ್ಲ.
ಸೊಸೈಟಿ ಎಲೆಕ್ಷನ್ನಿನಾಗೆ ಠೇವಣಿ ಹೋದ ಮೇಲೂ
ಹೋಟೆಲಿನಾಗೆ ಕೂತು “ಯಾರಲ್ಲಿ?” ಅಂತಿದ್ದ.’

ಡ್ರಾಪ್ ಎಂದರೆ ಮುಂದಿನ ಪರದೆ,
ಅಂಕ ಮುಗಿದಾಗ ಬೀಳುವುದು—
ನಾನೇ ಓದಿಬಿಟ್ಟೆ, ಸುಲಭದ್ದು, ದಾಟೋಣ ಅಂತ.
ಸೂಜಿ ನಿಂತಿತು.

‘ಅಣಜಿಯಾಗೆ. ಕಣದ ಮೇಲೆ ಸ್ಟೇಜು.
ರೇಣವ್ವ ಅಂತ, ಬಾಡಿಗೆಗೆ ಕರೆಸಿದ್ದ ಹೀರೋಯಿನ್ನು.
ಮೂರು ತಿಂಗಳ ಕೂಸನ್ನ ಸೈಡ್‌ವಿಂಗಿನಾಗೆ
ಟ್ರಂಕಿನ ಮುಚ್ಚಳದಾಗೆ ಮಲಗಿಸಿದ್ಲು.
ಹಗ್ಗ ನನ್ನ ಕೈಯಾಗೆ, ಕೂಸು ತೂಗೋದು ಕಾಲಾಗೆ.
ಅಲ್ಲಿ ಗಂಡನ ಹೆಣದ ಮುಂದೆ ಅವಳ ಶೋಕ,
ಇಲ್ಲಿ ಇದು ಎದ್ದು ಕಿರುಚ್ತು.
ಅವಳು ಒಂದು ಮಾತೂ ತಪ್ಪಲಿಲ್ಲ.
ಬಿಳಿ ಸೀರೆ ಎದೆಮೇಲೆ ಒದ್ದೆ ಆಗ್ತಾ ಬಂತು.
ಜನ ಕಣ್ಣೀರು ಅಂದ್ಕೊಂಡು ಆಯೇರಿ ಕೂಗಿಸಿದ್ರು.
ಇನ್ನೂ ಎರಡು ಪುಟ ಇತ್ತು, ಹಾಡೊಂದಿತ್ತು,
ಪೇಟಿ ಮಾಸ್ತರು ಶ್ರುತಿ ಹಿಡಿದಿದ್ರು.
ಹಗ್ಗ ಬಿಟ್ಟೆ.’

ಆಮೇಲೆ?
‘ಸಿಳ್ಳೆ. ಕಲ್ಲು. ಹೆಣ ಎದ್ದು ಬಂದು ಕೆನ್ನೆಗೆ ಬಿಟ್ಟ.
ಆ ಸಲದ ಬಾಡಿಗೆ ಇವತ್ತಿಗೂ ಬಂದಿಲ್ಲ.
ಅವಳು ಕಾಡಿನ ಸೀನಿನ ಕಡೆ ಮುಖ ಮಾಡಿ ಕೂತಿದ್ಲು,
ಬಣ್ಣ ತೆಗೆದಿರಲಿಲ್ಲ.
ಗುಟುಕು ಗುಟುಕು ಸದ್ದು. ಅಷ್ಟೇ ಕಣವ್ವ.’

ಡ್ರಾಪ್ ಮುಂದೆ ಪಟ್ಟಿಯಲ್ಲಿ ಜಾಗ ಒಂದೇ ಗೆರೆ.
ಬರೆಯದೆ ಮಡಚಿದೆ.

‘ಭರತವಾಕ್ಯ ಉಳೀತಲ್ಲ’ ಅಂದ,
ನನ್ನ ಕೈಲೇ ಸೂಜಿಗೆ ದಾರ ಪೋಣಿಸಿಕೊಂಡು.
‘ಆ ತುದಿ ಹಿಡಿ. ಅರಮನೆ ಸುತ್ತಬೇಕು.
ಗುರುವಾರ ಕೊಂಡಜ್ಜಿಯೋರು ಬರ್ತಾರೆ.’