ನಾಕಿಂಚಿನ ಗ್ವಾಡಿ

ಕ್ಯಾಸಲ್‌ರಾಕಿಂದ ಗೂಡ್ಸ್ ತಂದು ಯಾರ್ಡಿಗೆ ನಿಲ್ಲಿಸಿ
ಸಹಿ ಮಾಡಿ, ಡಬ್ಬಿ ಹೊತಗೊಂಡು
ಹುಬ್ಬಳ್ಳಿ ಗದಗ ರೋಡಿನ ಮನಿ ಮುಟ್ಟೂದ್ರಾಗ ನಾಕೂವರಿ.
ಐದಕ್ಕ ಮ್ಯಾಲ ಶುರು.
ಸಾವಕ್ಕ ಮುಳಗುಂದ, ದಿನಕ್ಕ ಇನ್ನೂರು ರೊಟ್ಟಿ,
ಎರಡು ಖಾನಾವಳಿಗೆ ವರ್ತನಿ.
ಪಟಾ ಪಟಾ ಪಟ್. ತಿರುವು. ಪಟಾ ಪಟಾ ಪಟ್.
ನನ್ನ ಛತ್ತು ಆಕಿ ಹಲಗಿ,
ನನ್ನ ನಿದ್ದಿ ಆಕಿ ಹಿಟ್ಟು.

ಕಿವಿಗೆ ಹತ್ತಿ ಇಟ್ಟೆ, ಮ್ಯಾಲ ದಿಂಬು ಒತ್ತಿದೆ.
ಹಲ್ಲಿನ್ಯಾಗ ಕೇಳಸ್ತಿತ್ತು.

ಮೌನೇಶ ಬಡಿಗೇರ ಬಂದ.
ಹೆಸರಷ್ಟ ಮೌನ, ಬಾಯಿ ರಂಧಾ ಮಷಿನ್ನು.
ಸುತ್ತಿಗಿ ಹಿಡಿಕಿ ಛತ್ತಿಗೆ ಹಚ್ಚಿ
ಇನ್ನೊಂದು ತುದಿಗೆ ಕಿವಿ ಕೊಟ್ಟು
ಆವತ್ತು ಒಂದು ನಿಮಿಷ ಸುಮ್ಮನಿದ್ದ.
"ಸರ, ಇಲ್ಲಿ ಗ್ಲಾಸ್‌ವೂಲ್ ತುರುಕಿ ಜಿಪ್ಸಮ್ ಬಡದ್ರ
ಅರವತ್ತು ಸಾವಿರಾ, ಅರ್ಧಾ ಸದ್ದು ಹಂಗ ಉಳೀತೈತಿ.
ಇದು ಗಾಳ್ಯಾಗ ಬರಾಕತ್ತಿಲ್ಲ,
ಬಿಲ್ಡಿಂಗಿನ ಎಲುವಿನ್ಯಾಗ ಬರಾಕತ್ತೈತಿ.
ಹುಟ್ಟಿದಲ್ಲೇ ಹಿಡೀಬೇಕು. ಮ್ಯಾಲ ಹೋಗ್ರಿ."

ಗುಜರ್ಯಾಗ ಸಿಕ್ಕ ಹಳೇ ಬೆಲ್ಟಿನ ರಬ್ಬರು
ಬಗಲಾಗ ಹಿಡಕೊಂಡು ಹತ್ತಿದೆ.
ಜಗಳದ ಮೊದಲ ಮಾತು ಮೆಟ್ಟಲದಾಗ ಜೋಡಿಸಿದ್ದೆ.
ಸಾವಕ್ಕ ಕಲ್ಲು ಸರಿಸಿ ತೋರಿಸಿದಳು,
ಕೆಳಗ ಮಡಚಿದ ಹಳೇ ಸೀರಿ.
"ಗೊತ್ತೈತೋ ತಮ್ಮಾ, ನೀ ಮಲಗಿರ್ತಿ ಅಂತ.
ಮೂರು ಪದರು ಹಾಸೀನಿ.
ನಾಕು ಹಾಸಿದ್ರ ಕಲ್ಲು ಕುಂದರೂದಿಲ್ಲ."

ರಬ್ಬರಿನ ಮ್ಯಾಲ ಕಲ್ಲು ಕುಂತಿತು.

ಮೂರು ದಿನ ಸತ್ತಂಗ ಮಲಗಿದೆ.
ನಾಕನೇ ದಿನ ಗ್ವಾಡಿ ಬಾಯಿ ಬಿಟ್ಟಿತು.
ದೊಡ್ಡ ಸದ್ದಿನ ಮರಿಗೆ ನಿಂತ ಸಣ್ಣ ಸದ್ದು
ಒಂದೊಂದ ಹೊರಗ ಬಂದುವು:
ಬಾಜೂಕಿನ ಹಜರೇಸಾಬ ನದಾಫನ ಚಾದ ಚಮಚಾ,
ಗಾದಿ ಹೊಲಿಯೋ ದಬ್ಬಣದ ದಾರ ಸರ್ ಅಂತ ಎಳಿಯೋದು,
ಪೋರಿ ಚಪ್ಪಲಿ ಹುಡುಕೋದು.

ಹೇಳಬೇಕಂತ ಹ್ವಾದೆ. ಅಂವನ ಮೊದಲು ನಕ್ಕ.
"ಸಾಹೇಬ್ರ, ನಿದ್ಯಾಗ ನೀವು ಸಿಗ್ನಲ್ ಕೂಗ್ತೀರಿ.
ಡಬಲ್ ಎಲ್ಲೋ… ಎಲ್ಲೋ… ರೆಡ್…
ನಮ್ಮ ಪರವೀನ ಗ್ವಾಡಿಗೆ ಕಿವಿ ಹಚ್ಚಿ ನಿಂತಿರ್ತಾಳ.
ಗ್ರೀನ್ ಅನ್ನೂತನಾ ಶಾಲಿಗೆ ಹೊಂಡೂದಿಲ್ಲ.
ನಿನ್ನಿ ನೀವು ರೆಡ್ಡಿನ್ಯಾಗ ಭಾಳೊತ್ತು ನಿಂತ್ರಿ.
ಟಂಟಂ ತಪ್ಪಿತು."

ಎಂಟು ವರ್ಷ. ಹೆಂಡತಿನೂ ಹೇಳಿರಲಿಲ್ಲ ಇದನ್ನ.

ಮತ್ತ ಮೌನೇಶ, ಮತ್ತ ಟೇಪು.
ಹಜರೇಸಾಬ ಅಂದ, "ಹತ್ತಿ ನಾ ಕೊಡ್ತೀನಿ."
"ಹತ್ತಿ ಉರೀತೈತಿ ಚಾಚಾ, ಬ್ಯಾಡ."
ಎರಡು ಹಾಳಿ ಜಿಪ್ಸಮ್, ನಡುವ ರಾಕ್‌ವೂಲ್,
ಅಂಚಿಗೆಲ್ಲಾ ಮೇಣ.
ಕಡೀಕ ಸ್ವಿಚ್ ಬೋರ್ಡ್ ಬಿಚ್ಚಿದ.
ಈ ಮನೀದು ಆ ಮನೀದು ಬೆನ್ನಿಗೆ ಬೆನ್ನು,
ನಡುವ ಹೆಬ್ಬಟ್ಟಿನಷ್ಟು ತೂತು.
"ಸರ, ಇದೊಂದು ಬಿಟ್ರ ಎಲ್ಲಾ ದಂಡ.
ಮುಚ್ಚಲ್ಯಾ?"

ಆ ಕಡಿಂದ ಯಾರೋ ಉಸಿರು ಹಿಡಿದಂಗಾತು.
"ಪರೀಕ್ಷಾ ಮುಗದು ಸೂಟಿ ಬಿಡೂತನಾ
ಇರಲಿ ಬಿಡು" ಅಂದೆ.