ಗಡುವು ಮೀರಿದವು

ಗುಳೇದಗುಡ್ಡದ ಹೊಳಬಸಪ್ಪನ ಅಡವಿನಂಗಡಿಯಲ್ಲಿ
ಇಪ್ಪತ್ತೆರಡು ವರ್ಷ ಖಾತೆ ಬರೆದವನು ನಾನು,
ಉಪದೇಶಿ ಸಮಾಧಾನಪ್ಪನ ಮಗ ಯೋನಾ.
ಒತ್ತೆಗೆ ಬಂದದ್ದು ಕಪ್ಪು ಮಸಿಯಲ್ಲಿ,
ಬಿಡಿಸಿಕೊಂಡು ಹೋದದ್ದು ಕೆಂಪಿನಲ್ಲಿ.
ಗಡುವು ಮೀರಿದರೆ ಬರೇ ಒಂದು ಗೀಟು.

ಖಣದ ತುಂಡುಗಳಲ್ಲಿ ಕಟ್ಟಿಟ್ಟ ಗಂಟುಗಳು:
ಕೂಸಿನ ಬೆಳ್ಳಿ ಉಡದಾರ, ಒಂಟಿ ಬುಗುಡಿ,
ಯಾರದೋ ಗಂಡ ಹೊಳೆಗೆ ಬಿದ್ದ ವಾರ ಬಂದ ತಾಳಿ.
ಮಗ್ಗ ನಿಂತ ಮನೆಯ ಹಿತ್ತಾಳೆ ಹಂಡೆ ಮಾತ್ರ
ಯಾವ ಗಂಟಿಗೂ ಹಿಡಿಯದೆ ಮೂಲೆಯಲ್ಲಿ ಕೂತು
ನಾನು ಕೆಮ್ಮಿದರೆ ತಾನೂ ಕೆಮ್ಮುತ್ತಿತ್ತು.

ಭಾನುವಾರ ದೇವಾಲಯದಲ್ಲಿ ಅಯ್ಯನವರು
ವಿಮೋಚನೆ, ವಿಮೋಚನೆ ಎಂದಾಗಲೆಲ್ಲ
ನನಗೆ ಕೇಳುತ್ತಿದ್ದದ್ದು ಕೀಲಿಕೈ ಗೊಂಚಲಿನ ಸದ್ದು.
ಆಮೇಲೆ ಅವರು ಬೆಂಕಿಯ ಮಾತಿಗೆ ಬರುತ್ತಿದ್ದರು.
ಹಿಂದಿನ ಬೆಂಚಿನಲ್ಲಿ ರಾಹೇಲವ್ವ
ಸೆರಗಿನ ತುದಿ ತಿರುವುತ್ತ ಕೂತಿರುತ್ತಿದ್ದಳು.
ಅವಳ ಮಗ ದಾನಿ ಕಲ್ಲಿನ ಖಣಿಯಲ್ಲಿ
ಕುಡಿದ ಮತ್ತಿನಲ್ಲಿ ಜತೆಗಾರನಿಗೆ ಹಾರೆ ಬೀಸಿ
ಅದೇ ರಾತ್ರಿ ತನ್ನ ಜೀವವನ್ನೂ ತೆಗೆದುಕೊಂಡವನು.
ಅವನನ್ನು ಹೂಳಿದ್ದು
ಗೋಡೆಯ ಆಚೆ.

ಶುಭ ಶುಕ್ರವಾರದ ಮರುದಿನ,
ದೇವರು ಗವಿಯಲ್ಲಿ ಮಲಗಿ ಏನೂ ಮಾಡದ ಆ ಒಂದು ದಿನ,
ಅಂಗಡಿಯ ಮೆಟ್ಟಿಲು ಹತ್ತಿದಳು.
‘ಇಮಾಂಬಿ ಬುಗುಡಿ ಬಿಡಿಸಬೇಕಾಗೇತ್ರಿ.’
ಇಮಾಂಬಿ, ಖಣಿಯಲ್ಲಿ ಸತ್ತವನ ಹೆಂಡತಿ.
‘ಚೀಟಿ?’
‘ಇಲ್ರಿ.’
‘ಸಾಮಾನು ನಿಂದಲ್ಲ. ಗಡುವು ಮುಗದು ಎಂಟ ತಿಂಗಳಾತು.
ಕರಗಿಸಿಬಿಟ್ಟೇವಿ.’
ರಾಹೇಲವ್ವ ಹೋಗಲಿಲ್ಲ.
‘ಕರಗಿದ್ದು ಎಲ್ಲಿಗೆ ಹೊಕ್ಕೈತಿ, ಯಪ್ಪಾ?
ಬೆಂಕಿ ಬೆರಕಿ ತಾಮ್ರ ತಿಂತೈತಿ.
ಬಂಗಾರ ತಿಂದದ್ದು ಎಲ್ಲ್ಯರ ಕೇಳೀಯೇನು?
ಯೋನಾ, ನೀ ಓದಿದಾಂವ, ನೀನರ ಹೇಳು.’

ನಾನು ಹೇಳಲಿಲ್ಲ.
ಜೋಡಿ ಬಂದದ್ದನ್ನು ಒಂಟಿ ಎಂದು ಬರೆದ ಕೈ ನನ್ನದು.
ಕರಗಿದ್ದು ಒಂದು.
ಇನ್ನೊಂದು ನಮ್ಮ ಮನೆಯ ಜೋಳದ ಗಡಿಗೆಯ ತಳದಲ್ಲಿ
ಏಳು ಮಳೆಗಾಲ ಕಳೆದಿತ್ತು.

ಆ ರಾತ್ರಿ ಕಣ್ಣು ಹತ್ತಿದ್ದು ಯಾವಾಗಲೋ.
ಅಂಗಡಿ ತೆರೆಯುವ ಮೊದಲೇ ಬಾಗಿಲಿಗೆ ಒಬ್ಬ ಗಿರಾಕಿ.
‘ಒಳಗಿದ್ದದ್ದೆಲ್ಲ ತಗಿ’ ಅಂದ.
‘ಚೀಟಿ?’ ಎಂದ ಹೊಳಬಸಪ್ಪ, ರೂಢಿ ಬಿಡದೆ.
ಅವನು ಎರಡೂ ಅಂಗೈ ಚಾಚಿದ.
ಬೆಳಕು ಒಂದರಿಂದ ಹಾಯ್ದು ಗಲ್ಲೆಯ ಮೇಲೆ ಬಿತ್ತು.
‘ಕರಗಿದವೂ?’
‘ಅವೂ.’
‘ಗೋಡೆಯ ಆಚೇಕಿನವು?’
‘ಅವು ಮೊದಲು.’
ಗಂಟು ಇಳಿಸುತ್ತ ಇಳಿಸುತ್ತ
ತನ್ನದೇ ಹೆಸರಿನದು ಸಿಕ್ಕು ಹೊಳಬಸಪ್ಪ ಬೆವೆತ:
‘ನಾ ಯಾವಾಗ ಒತ್ತಿ ಬಿದ್ದೆ? ಯಾರ ಇಟ್ಟರು?’
ಗಿರಾಕಿ ನಕ್ಕ. ಹಂಡೆಯೂ ನಕ್ಕಿತು.
ನನ್ನ ಗಂಟು ಯಾವುದೆಂದು ನೋಡುವಷ್ಟರಲ್ಲಿ
ಕೋಳಿ ಕೂಗಿತು.

ಪುನರುತ್ಥಾನದ ಗಂಟೆ ಹೊಡೆಯುವ ಮುಂಚೆ
ಇಮಾಂಬಿಯ ಹೊಸ್ತಿಲ ಮೇಲೆ ಒಂದು ಬುಗುಡಿ ಇಟ್ಟು ಬಂದೆ.
ಬಾಗಿಲು ಬಡಿಯಲಿಲ್ಲ.
ಅಷ್ಟು ನಂಬಿಕೆ ಇನ್ನೂ ಬಂದಿಲ್ಲ.
ರಾಹೇಲವ್ವ ಆಗಲೇ ಗೋಡೆಯ ಆಚೆ
ಮೇಣಬತ್ತಿಗೆ ಅಂಗೈ ಅಡ್ಡ ಹಿಡಿದು ಕೂತಿದ್ದಳು.

ಸೋಮವಾರ ಖಾತೆ ತೆಗೆದೆ.
ಗೀಟು ಹೊಡೆದ ಸಾಲುಗಳನ್ನು ಎಣಿಸಲು ಹೋಗಿ
ಎರಡನೇ ಪುಸ್ತಕಕ್ಕೇ ಬಿಟ್ಟೆ.
ದೌತಿಯಲ್ಲಿ ಕೆಂಪು ತಳ ಕಂಡಿದೆ.
ಸಂತೆಯಲ್ಲಿ ಕೇಳಬೇಕು,
ದೊಡ್ಡ ಸೀಸೆ ಸಿಗುತ್ತದೋ ಏನೋ.